ಸೇಬಿಗೊಂದು ಸುಳ್ಳು ಚಳಿಗಾಲ

ದೇವನಹಳ್ಳಿ

ಜನ್ಮವಿಡೀ ಬೇರೆಯವರಿಗೆ ಟಿಕೆಟ್ ಹರಿದುಕೊಟ್ಟವನು ನಾನು. ಹೊಸಕೋಟೆಯಿಂದ ಮೆಜೆಸ್ಟಿಕ್‌ಗೆ, ಮೆಜೆಸ್ಟಿಕ್‌ನಿಂದ ಹೊಸಕೋಟೆಗೆ. ಬಸ್ ಕಂಡಕ್ಟರ್ ಎಂದರೆ ದಿನವೂ ಪ್ರಯಾಣ ಮಾಡಿ ಎಲ್ಲಿಗೂ ಹೋಗದವನು. ಅಂಥವನು ನಿವೃತ್ತನಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ವಿಮಾನ ಹತ್ತಿ ಜಾವಾ ದ್ವೀಪಕ್ಕೆ ಹೊರಟೆ. ಸೇಬಿನ ಮರ ನೋಡಲು ಎಂದರೆ ಯಾರು ತಾನೇ ನಗುವುದಿಲ್ಲ? "ಸೇಬು ನೋಡೋಕೆ ಕಾಶ್ಮೀರ ಬಿಟ್ಟು ಜಾವಾಕ್ಕೆ ಹೋಯ್ತಾವ್ನೆ ನಮ್ಮಣ್ಣ, ತಲೆ ಕೆಟ್ಟೈತೆ" ಎಂದು ನನ್ನ ತಮ್ಮ ರಾಜಣ್ಣ ನಮ್ಮೂರು ಜಡಿಗೇನಹಳ್ಳಿಯ ಟೀ ಅಂಗಡಿಯಲ್ಲಿ ಡಂಗುರ ಹೊಡೆದ.

ನಮ್ಮ ಹಿತ್ತಲಲ್ಲಿ ನಾಲ್ಕು ಸೇಬಿನ ಮರಗಳಿವೆ. ಬಿಸಿಲು ನಾಡಿಗೂ ಒಗ್ಗುವ ಜಾತಿ ಎಂದು ಸಮೇತನಹಳ್ಳಿಯ ನರ್ಸರಿಯ ಕೆಂಪಣ್ಣ ಕೊಟ್ಟ ಸಸಿಗಳು. ಅವುಗಳನ್ನು ನೆಟ್ಟವಳು ನನ್ನ ಹೆಂಡತಿ ಜಯಮ್ಮ. ಈ ಕಥೆಯೆಲ್ಲ ಇರುವುದು ಈ ಒಂದು ವಾಕ್ಯದಲ್ಲೇ.

ನಮ್ಮ ಕಡೆ ಕೈಗುಣ ಎನ್ನುವುದೊಂದಿದೆ. ಕುಂಬಳದ ಬೀಜ ಊರುವಾಗ, ಸಸಿ ನೆಡುವಾಗ ಮಕ್ಕಳೊಂದಿಗಳಾದ ಹೆಂಗಸನ್ನು ಕರೆದು ಮೊದಲನೆಯದನ್ನು ಅವಳ ಕೈಯಿಂದ ಹಾಕಿಸುತ್ತಾರೆ. ನನಗೂ ಜಯಮ್ಮನಿಗೂ ಮಕ್ಕಳಾಗಲಿಲ್ಲ. ಮುಟ್ಟಬೇಡ ಎಂದು ಯಾರೂ ಅವಳಿಗೆ ಹೇಳಿದವರಲ್ಲ. ಯಾರಾದರೂ ಹೇಳುವ ಮೊದಲೇ ಅವಳು ಹಿಂದೆ ಸರಿದು ನಿಂತುಬಿಡುತ್ತಿದ್ದಳು. ಸೇಬಿನ ಸಸಿ ಬಂದ ದಿನ ರಾಜಣ್ಣನ ಹೆಂಡತಿ ತವರಿಗೆ ಹೋಗಿದ್ದಳು. ಬಿಸಿಲಿಗೆ ಬೇರು ಒಣಗುತ್ತಿತ್ತು. "ನೀನೇ ನೆಡು, ಅದೇನ್ ಮಹಾ" ಎಂದು ನಾನು ರೇಗಿದೆ. ಅವಳು ಸೆರಗು ಸಿಕ್ಕಿಸಿಕೊಂಡು ನಾಲ್ಕನ್ನೂ ನೆಟ್ಟಳು. ಮದುವೆಯಾದ ಮೇಲೆ ಅವಳು ತನ್ನ ಕೈಯಾರೆ ಮಣ್ಣಿಗಿಟ್ಟ ಮೊದಲ ಗಿಡಗಳು ಅವು.

ಮರಗಳು ಸೊಂಪಾಗಿ ಬೆಳೆದವು. ವರ್ಷಪೂರ್ತಿ ಹಸಿರು. ಆದರೆ ಹೂವು ಮಾತ್ರ ಒಂದೂ ಇಲ್ಲ. "ನನ್ ಕೈ ಕಣ್ರೀ" ಎಂದು ಜಯಮ್ಮ ಒಂದು ಸಲ ಅಂದಳು. ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿಯೂ ನಮ್ಮಲ್ಲಿದೆ. ಒಬ್ಬರು ಮಚ್ಚು ಎತ್ತಿ "ಕಡಿದು ಹಾಕ್ತೀನಿ ಇದನ್ನ" ಎಂದು ಗದರಬೇಕು. ಇನ್ನೊಬ್ಬರು ಓಡಿಬಂದು ಕೈ ಹಿಡಿದು "ಬ್ಯಾಡ ಬಿಡಿ, ಬರೋ ವರ್ಷ ಕಾಯ್ತೈತೆ" ಎನ್ನಬೇಕು. ಮರ ಕೇಳಿಸಿಕೊಂಡು ಹೆದರಿ ಫಲ ಕೊಡುತ್ತದಂತೆ. ಹುಣಸೆಗೆ, ಹಲಸಿಗೆ ಮಾಡುವುದನ್ನು ಒಂದು ಬೆಳಿಗ್ಗೆ ನಾನು ಸೇಬಿಗೂ ಮಾಡಿದೆ. ಮಚ್ಚು ಎತ್ತಿ ಗದರಿದೆ. ಜಯಮ್ಮ ಬಂದು ಕೈಯನ್ನೇನೋ ಹಿಡಿದಳು. ಆದರೆ ಹೇಳಬೇಕಾದ ಮಾತು ಅವಳ ಬಾಯಿಂದ ಹೊರಡಲೇ ಇಲ್ಲ. "ಬ್ಯಾಡ ಬಿಡ್ರಿ. ಕಾಯದಿದ್ರೂ ಇರ್ಲಿ, ನೆರಳಿಗಾದ್ರೂ ಆಯ್ತದೆ" ಎಂದು ಒಳಗೆ ಹೋದಳು.

ಮಚ್ಚು ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ. ಜಾವಾದ ಬೆಟ್ಟದೂರೊಂದರಲ್ಲಿ ಚಳಿಗಾಲವೇ ಇಲ್ಲದೆ ವರ್ಷಕ್ಕೆರಡು ಬೆಳೆ ಸೇಬು ತೆಗೆಯುತ್ತಾರೆ, ತಾನು ಕಣ್ಣಾರೆ ನೋಡಿ ಬಂದಿದ್ದೇನೆ ಎಂದು ಕೆಂಪಣ್ಣ ಯಾವಾಗಲೋ ಹೇಳಿದ್ದು ಆಗ ನೆನಪಾಯಿತು. ನನಗೆ ಬೇಕಾಗಿದ್ದದ್ದು ಸೇಬಲ್ಲ. ಅದು ಅವಳ ಕೈಯ ತಪ್ಪಲ್ಲ ಎಂದು ಅವಳಿಗೆ ತೋರಿಸಬೇಕಾಗಿತ್ತು.

ಇವಳ ತವರು ಆವತಿ. ಅಲ್ಲಿಗೆ ಹೋದಾಗಲೆಲ್ಲ ಹಿಪ್ಪುನೇರಳೆ ತೋಟದಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಬಿಡಿಸುತ್ತ, ತಲೆಯ ಮೇಲೆ ಹಾರುವ ವಿಮಾನಗಳನ್ನು ನೋಡಿದವಳು. ಈಗ ವಿಮಾನದ ಕಿಟಕಿಗೆ ಹಣೆ ಒತ್ತಿಕೊಂಡು ಕೆಳಗೆ ಆವತಿ ಬೆಟ್ಟ ಹುಡುಕಿದಳು. ಸಿಕ್ಕಿತೋ ಇಲ್ಲವೋ, "ಅಗೋ ನಮ್ ತೋಟ" ಎಂದು ಕೈಯೆತ್ತಿ ಟಾಟಾ ಮಾಡಿದಳು.

ಸುರಬಾಯ

ನಡುವೆ ಇನ್ನೊಂದು ವಿಮಾನ ಬದಲಿಸಿ ಸುರಬಾಯ ಎಂಬ ಊರಲ್ಲಿ ಇಳಿದೆವು. ಇಳಿದ ಕೂಡಲೇ ಸಿಕ್ಕಿಬಿದ್ದೆವು. ಜಯಮ್ಮನ ಚೀಲದಲ್ಲಿ ರಾಗಿ ಹಿಟ್ಟಿತ್ತು. ಸಮವಸ್ತ್ರದ ಅಧಿಕಾರಿಯೊಬ್ಬ ಪೊಟ್ಟಣ ಬಿಚ್ಚಿ ಮೂಸಿ, ಬೆರಳಲ್ಲಿ ಉಜ್ಜಿ, ನಮ್ಮ ಮುಖ ನೋಡಿದ. ಆ ಮಣ್ಣುಬಣ್ಣದ ಪುಡಿ ತರುವವರು ಸಾಚಾ ಜನ ಎಂದು ಅವನಿಗೆ ಹೇಗೆ ಅನ್ನಿಸಬೇಕು? ಬೆಂಗಳೂರಿನ ಪ್ರಯಾಣಿಕರ ಜೊತೆ ಗುದ್ದಾಡಿ ಕಲಿತ ನನ್ನ ಇಂಗ್ಲಿಷ್ ಸಮಯಕ್ಕೆ ಸರಿಯಾಗಿ ಕೈಕೊಟ್ಟಿತು. ಜಯಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ, ಗಾಳಿಯಲ್ಲೇ ಒಲೆ ಹಚ್ಚಿ, ಎಸರಿಟ್ಟು, ಕೋಲಲ್ಲಿ ತಿರುವಿ, ಮುದ್ದೆ ಕಟ್ಟಿ, ಮುರಿದು, ಸಾರಲ್ಲಿ ಅದ್ದಿ ನುಂಗಿ ತೋರಿಸಿದಳು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಅಧಿಕಾರಿ ನಕ್ಕು ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಟ್ಟ.

ಹೊರಗೆ ಕಾಯುತ್ತಿದ್ದವಳು ರತ್ನ. ಕೆಂಪಣ್ಣ ಗೊತ್ತು ಮಾಡಿಕೊಟ್ಟ ದುಭಾಷಿ, ನಲವತ್ತರ ಆಸುಪಾಸಿನ ಹೆಂಗಸು. ತಲೆಗೆ ಬಟ್ಟೆ ಸುತ್ತಿಕೊಂಡ ಮುಸಲ್ಮಾನ ಹೆಣ್ಣುಮಗಳ ಹೆಸರು ರತ್ನ ಎಂದರೆ ಜಯಮ್ಮ ನಂಬಲಿಲ್ಲ. "ನಮ್ ಬೀದಿಲೇ ಮೂರು ಜನ ರತ್ನ ಅವ್ರೆ ಅಂತ ಹೇಳ್ರಿ" ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ರತ್ನ ತನ್ನ ಬೀದಿಯಲ್ಲಿ ಇಬ್ಬರಿದ್ದಾರೆ ಎಂದಳು. ಅಲ್ಲಿಗೆ ಎರಡು ದೇಶಗಳ ನಡುವೆ ಸಂಬಂಧ ಕುದುರಿತು.

ಬೆಟ್ಟದ ಊರಿಗೆ ವ್ಯಾನಿನಲ್ಲಿ ಹೋದೆವು. ಚಾಲಕ ಗಾಡಿ ಶುರು ಮಾಡಿದರೂ ನಾನು ಬಾಗಿಲ ಬಳಿ ಸರಳು ಹಿಡಿದು ನಿಂತೇ ಇದ್ದೆ. ಎಲ್ಲರೂ ಕೂತರಾ ಎಂದು ನೋಡದೆ ಕೂರುವುದು ನನ್ನಿಂದಾಗದು. "ರೀ, ಇಲ್ಲಿ ನೀವೂ ಪ್ಯಾಸೆಂಜರು, ಕೂತ್ಕೊಳ್ರಿ" ಎಂದು ಜಯಮ್ಮ ಅಂಗಿ ಹಿಡಿದು ಜಗ್ಗಿದಳು.

ಬಾತು, ಮೊದಲ ದಿನ

ಊರಿನ ಹೆಸರು ಬಾತು. ಅವರ ಮಾತಿನಲ್ಲಿ ಕಲ್ಲು ಎಂದರ್ಥವಂತೆ. ಗಾಳಿ ಮುಖಕ್ಕೆ ತಾಗಿದಾಗ ನಮ್ಮೂರಿನ ಕಾರ್ತಿಕ ಮಾಸದ ಬೆಳಗು ನೆನಪಾಯಿತು. ಕಾಶ್ಮೀರದ ಚಳಿಯಲ್ಲ, ಒಂದು ತೆಳು ಶಾಲಿಗೆ ಸಾಲುವಷ್ಟು ತಂಪು. "ಇಷ್ಟ್ ಚಳಿ ನಮ್ಮಲ್ಲೂ ಐತಲ್ರೀ" ಎಂದಳು ಜಯಮ್ಮ. ಅದರ ಮುಂದಿನ ಮಾತನ್ನು ಅವಳು ಆಡಲಿಲ್ಲ. ನನಗೆ ಗೊತ್ತಾಯಿತು. ಇಲ್ಲಿ ಬಿಡುವ ಕಾಯಿ ಅಲ್ಲೇಕೆ ಬಿಡಲಿಲ್ಲ?

ನಾವು ಉಳಿದದ್ದು ಸುಮಿ ಎಂಬ ಹೆಂಗಸಿನ ಮನೆಯಲ್ಲಿ. ಅಲ್ಲಿ ದೊಡ್ಡ ಹೆಂಗಸರನ್ನು 'ಬು' ಎಂದು ಕರೆಯುತ್ತಾರೆ, ನಮ್ಮ 'ಅಮ್ಮ' ಇದ್ದ ಹಾಗೆ. ಬು ಸುಮಿ ಅರುವತ್ತು ದಾಟಿದ ಗಟ್ಟಿ ಜೀವ. ಮನೆಯ ಹಿಂದಿನ ಇಳಿಜಾರಿನಲ್ಲಿ ಅವಳದೊಂದು ಸೇಬಿನ ತೋಟ. ಏನನ್ನಾದರೂ ತೋರಿಸಬೇಕೆಂದರೆ ಬೆರಳುಗಳನ್ನು ಮಡಚಿ ಹೆಬ್ಬೆರಳಿನಲ್ಲಿ ತೋರಿಸುತ್ತಿದ್ದಳು. ತೋರುಬೆರಳು ಚಾಚುವುದು ಅಲ್ಲಿ ಅಸಭ್ಯವಂತೆ. ತೋರುಬೆರಳಿನಲ್ಲೇ ಸಾವಿರಾರು ಜನರನ್ನು "ಮುಂದಕ್ಕೋಗಿ, ಮುಂದಕ್ಕೋಗಿ" ಎಂದು ಅಟ್ಟಿದ ನನಗೆ ನಾಚಿಕೆಯಾಗಿ ಕೈಯನ್ನು ಜೇಬಿನಲ್ಲಿಟ್ಟುಕೊಂಡೆ.

ಸಂಜೆಯಾಗುತ್ತಲೇ ಬು ಸುಮಿ ಜಯಮ್ಮನನ್ನು ಕೇಳಿದ ಮೊದಲ ಪ್ರಶ್ನೆ, "ಸ್ನಾನ ಆಯಿತಾ?" ಬೆಳಿಗ್ಗೆ ಎದ್ದು ಮೊದಲು ಮೀಯುವವಳಿಗೆ ಇದಕ್ಕಿಂತ ಅವಮಾನ ಬೇಕೆ? "ನಾನೇನ್ ಗಬ್ಬುನಾತ ಬರ್ತಾ ಇದೀನಾ?" ಎಂದು ಸೆರಗು ಮೂಸಿಕೊಂಡಳು. ಅದು ನಮ್ಮ "ಊಟ ಆಯ್ತಾ" ಇದ್ದ ಹಾಗೆ, ಸುಮ್ಮನೆ ವಿಚಾರಿಸುವುದು ಎಂದು ರತ್ನ ಬಿಡಿಸಿ ಹೇಳುವಷ್ಟರಲ್ಲಿ ಜಯಮ್ಮ ಎರಡನೆಯ ಸಲ ಸ್ನಾನ ಮುಗಿಸಿ ಬಂದಿದ್ದಳು.

ಕತ್ತಲಾಗುವ ಮೊದಲು ತೋಟಕ್ಕೆ ಇಳಿದೆವು. ಒಂದು ಕಡೆ ಹಳದಿ ಹಸಿರು ಬಣ್ಣದ ಸೇಬುಗಳು ಕೈಗೆಟುಕುವ ಎತ್ತರದಲ್ಲಿ ಜೋಲುತ್ತಿದ್ದವು. ಅದರ ಪಕ್ಕದ ಪಟ್ಟಿಯಲ್ಲಿ ಸಾಲು ಸಾಲು ಬೋಳು ಮರಗಳು. ಒಂದೆಲೆ ಇಲ್ಲ, ಕೊಂಬೆಗಳನ್ನೆಲ್ಲ ಹಗ್ಗ ಕಟ್ಟಿ ಕೆಳಕ್ಕೆ ಬಗ್ಗಿಸಿದ್ದಾರೆ. ಜಯಮ್ಮ ನಿಂತುಬಿಟ್ಟಳು.

"ಅಯ್ಯೋ, ಏನ್ರೀ ಇದು? ರೋಗ ಬಂದೈತಾ?"

ಬು ಸುಮಿ ಹೇಳಿದ್ದನ್ನು ರತ್ನ ಇಂಗ್ಲಿಷ್ ಮಾಡಿದಳು, ನಾನು ಕನ್ನಡ ಮಾಡಿದೆ. ರೋಗವಲ್ಲ, ಬೇಕೆಂದೇ ಕಿತ್ತದ್ದು. ಚಳಿ ದೇಶದಲ್ಲಿ ಸೇಬಿನ ಮರ ಎಲೆ ಉದುರಿಸಿ ಮಲಗುತ್ತದೆ. ಮಲಗಿ ಎದ್ದ ಮರವೇ ಹೂ ಬಿಡುವುದು. ಬೆಚ್ಚಗಿನ ಊರಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಎಲೆ ಹೊತ್ತುಕೊಂಡು ವರ್ಷವಿಡೀ ಎದ್ದೇ ಇರುತ್ತದೆ, ಹೂ ಬಿಡುವುದನ್ನು ಮರೆಯುತ್ತದೆ. ಅದಕ್ಕೇ ಕಾಯಿ ಇಳಿಸಿದ ಮೇಲೆ ಒಂದೊಂದು ಎಲೆಯನ್ನೂ ಕೈಯಲ್ಲಿ ಕೀಳುತ್ತಾರೆ, ಮೊಗ್ಗು ಹೆಚ್ಚು ಒಡೆಯಲೆಂದು ಕೊಂಬೆಗಳನ್ನು ಬಗ್ಗಿಸಿ ಕಟ್ಟುತ್ತಾರೆ. ಓಹೋ, ಚಳಿಗಾಲ ಬಂದು ಹೋಯಿತು ಎಂದುಕೊಂಡು ಮರ ಮೊಗ್ಗು ಒಡೆಯುತ್ತದೆ.

"ಅಂದ್ರೆ ಮರಕ್ಕೆ ಸುಳ್ಳು ಹೇಳ್ತಾರೆ" ಎಂದಳು ಜಯಮ್ಮ.

"ನಾವು ಮಚ್ಚು ತೋರಿಸಿ ಹೇಳಿದ್ದೂ ಸುಳ್ಳೇ ತಾನೆ" ಎಂದೆ.

ಅವಳು ನಗಲಿಲ್ಲ. ಬೋಳು ಕೊಂಬೆಯನ್ನು ಬೆರಳಲ್ಲಿ ಸವರುತ್ತ ನಿಂತಿದ್ದಳು. ಮರಗಳಿಗೆ ತಪ್ಪಿದ್ದು ನಿದ್ದೆ, ಕೈಗುಣ ಅಲ್ಲ ಎಂದು ಅವಳಿಗೆ ಅರ್ಥವಾಗಿದೆ ಎಂದುಕೊಂಡು ನಾನು ಒಳಗೊಳಗೇ ಮೀಸೆ ತಿರುವಿದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಬಾತು, ಎರಡನೆಯ ದಿನ

ಮಾರನೆಯ ಬೆಳಿಗ್ಗೆ ಬು ಸುಮಿ ಇನ್ನೊಂದು ಸಾಲಿನ ಎಲೆ ಕೀಳಲು ಹೊರಟಳು. ನಿಧಾನವಾಗಿ, ಒಂದೊಂದೇ ಎಲೆಯ ತೊಟ್ಟನ್ನು ಹಿಡಿದು, ಕೊಂಬೆಯ ತುದಿಯ ಕಡೆಗೆ ಮೇಲಕ್ಕೆ ಒತ್ತಿ ತೆಗೆಯುತ್ತಿದ್ದಳು. ಜಯಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಒಂದು ಹುರುಪು ಬಂತು. ಸೊಪ್ಪು ಬಿಡಿಸುವುದೆಂದರೆ ಆವತಿಯವರಿಗೆ ಹೇಳಿಕೊಡಬೇಕೆ? ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚೆ, ತಟ್ಟೆ ತುಂಬ ಬಾಯಿ ತೆರೆದು ಕೂತಿರುವಾಗ, ಇವಳು ಎರಡು ಕೈಯಲ್ಲೂ ಸೊಪ್ಪು ಬಿಡಿಸುವುದನ್ನು ನೋಡಲು ಹುಡುಗಿಯರು ನಿಲ್ಲುತ್ತಿದ್ದರಂತೆ.

"ಸರೀರಿ ಅತ್ಲಾಗೆ" ಎಂದು ನನ್ನನ್ನು ದೂಡಿ ಒಂದು ಕೊಂಬೆಯ ತುದಿ ಹಿಡಿದಳು. ಇನ್ನೊಂದು ಕೈಯ ಮುಷ್ಟಿಯನ್ನು ತುದಿಯಿಂದ ಬುಡಕ್ಕೆ ಸರ್ರನೆ ಎಳೆದಳು. ಕೊಂಬೆ ಬೋಳಾಯಿತು. ಎರಡನೆಯ ಕೊಂಬೆ, ಮೂರನೆಯದು. ನನಗೆ ಹೆಮ್ಮೆಯೋ ಹೆಮ್ಮೆ. "ನೋಡಿ, ನಮ್ಮೋಳು" ಎಂಬಂತೆ ರತ್ನಳ ಕಡೆ ತಿರುಗಿದೆ.

ರತ್ನಳ ಮುಖ ಬಾಡಿತ್ತು. ಬು ಸುಮಿ ಕೆಲಸ ನಿಲ್ಲಿಸಿ ಹತ್ತಿರ ಬಂದು ಕೊಂಬೆಯನ್ನು ನೋಡಿದಳು. ಪ್ರತಿ ಎಲೆಯ ತೊಟ್ಟಿನ ಬುಡದಲ್ಲಿ ಸಾಸಿವೆ ಗಾತ್ರದ ಮೊಗ್ಗಿರುತ್ತದೆ. ಮುಂದೆ ಹೂವಾಗಬೇಕಾದದ್ದು ಅದೇ. ಕೆಳಕ್ಕೆ ಎಳೆದ ರಭಸಕ್ಕೆ ಎಲೆಯ ಜೊತೆ ತೊಗಟೆ ಸುಲಿದು ಮೊಗ್ಗುಗಳೂ ಕಿತ್ತುಬಂದಿದ್ದವು. ಹಿಪ್ಪುನೇರಳೆಗೆ ಎಲೆಯೇ ಫಲ, ಎಲೆ ಸಿಕ್ಕರೆ ಮುಗಿಯಿತು. ಇಲ್ಲಿ ಎಲೆ ಬರೀ ಹೊದಿಕೆ.

ನಾನು ಅನುವಾದ ಮಾಡಬೇಕಾಗಲಿಲ್ಲ. ಜಯಮ್ಮ ಮುಷ್ಟಿ ಬಿಚ್ಚಿ ನೋಡಿದಳು. ಎಲೆಗಳ ನಡುವೆ ಹಸಿರು ಕಾಳುಗಳು.

"ಇಲ್ಲಿಗ್ ಬಂದ್ರೂ ಹಂಗೇ ಆಯ್ತಲ್ರೀ. ಕಾಯೋ ಮರಾನೂ ನಾನ್ ಮುಟ್ಟಿದ್ರೆ..." ಎಂದವಳು ಮಾತು ಮುಗಿಸದೆ ತೋಟದಿಂದ ಹೊರಟುಬಿಟ್ಟಳು.

ಸಮುದ್ರ ದಾಟಿ ಬಂದು ಅವಳ ಅನುಮಾನಕ್ಕೆ ನಾನೇ ಸಾಕ್ಷಿ ಒದಗಿಸಿಕೊಟ್ಟಂತಾಯಿತು. ಅವಳ ಹಿಂದೆ ಹೋದೆ. ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಬು ಸುಮಿ ಬಂದು ಗಾಬರಿಯಿಂದ ಅವಳನ್ನು ತೋಳು ಹಿಡಿದು ಎಬ್ಬಿಸಿದಳು. ಬಯ್ಯಲು ಬಂದಳೇನೋ ಎಂದುಕೊಂಡೆ. ಅಲ್ಲ, ಹೊಸ್ತಿಲ ಮೇಲೆ ಕೂರಬಾರದಂತೆ. ಕೂತರೆ ಒಳ್ಳೆಯದು ಬಾಗಿಲಲ್ಲೇ ನಿಂತುಹೋಗುತ್ತದಂತೆ. ನಮ್ಮ ತಾಯಿಯೂ ಹೀಗೇ ಗದರುತ್ತಿದ್ದಳು. ಆ ಕಣ್ಣೀರಿನಲ್ಲೂ ಜಯಮ್ಮನಿಗೆ ನಗು ಬಂತು.

ಬು ಸುಮಿ ಅವಳನ್ನು ಮತ್ತೆ ತೋಟಕ್ಕೆ ಕರೆದುಕೊಂಡು ಹೋದಳು. ಅವಳ ಕೈಯ ಮೇಲೆ ತನ್ನ ಕೈಯಿಟ್ಟು, ಒಂದೆಲೆಯ ತೊಟ್ಟು ಹಿಡಿಸಿ, ಮೇಲಕ್ಕೆ ಒತ್ತಿಸಿದಳು. ಎಲೆ ಬಂತು, ಮೊಗ್ಗು ಉಳಿಯಿತು. ಇನ್ನೊಂದು. ಮತ್ತೊಂದು. ಇವಳು ಕನ್ನಡದಲ್ಲಿ ಏನೋ ಕೇಳುವುದು, ಅವಳು ತನ್ನ ಭಾಷೆಯಲ್ಲಿ ಏನೋ ಹೇಳುವುದು. ಮಧ್ಯಾಹ್ನದವರೆಗೂ ಇಬ್ಬರೂ ಒಂದೇ ಸಾಲಿನಲ್ಲಿದ್ದರು. ರತ್ನಳಿಗೂ ನನಗೂ ಕೆಲಸವಿರಲಿಲ್ಲ. ಕಡಲೆಕಾಯಿ ಚಟ್ನಿ ಹಾಕಿದ ಬೇಯಿಸಿದ ಸೊಪ್ಪು ತಿನ್ನುತ್ತ ಕೂತೆವು.

ಬಾತು, ಕೊನೆಯ ದಿನ

ಹೊರಡುವ ದಿನ ಜಯಮ್ಮ ಆ ಅಡುಗೆಮನೆಯಲ್ಲಿ ಮುದ್ದೆ ಮಾಡಿದಳು. ಬು ಸುಮಿ ಒಂದು ತುತ್ತು ಬಾಯಿಗಿಟ್ಟು ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಎಷ್ಟು ಹೇಳಿದರೂ ಅವಳಿಗೆ ನಂಬಿಕೆಯಿಲ್ಲ. ಹಲ್ಲಿರುವವರು ಯಾಕೆ ನುಂಗಬೇಕು ಎಂದು ರತ್ನಳ ಬಾಯಲ್ಲಿ ಕೇಳಿಸಿದಳು. ನಮ್ಮ ಜಿಲ್ಲೆಯ ಪರವಾಗಿ ನಾನೊಂದು ದೊಡ್ಡ ತುತ್ತು ನುಂಗಿ ತೋರಿಸಿದೆ.

ಊಟವಾದ ಮೇಲೆ ನಮ್ಮನ್ನು ತೋಟಕ್ಕೆ ಕರೆದಳು. ಸಾಲಿನ ನಡುವೆ ಒಂದು ಮುದಿ ಮರ ಸತ್ತು ಖಾಲಿ ಬಿದ್ದ ಜಾಗವಿತ್ತು. ಪಕ್ಕದ ತೋಟದವರು ಸೇಬು ತೆಗೆದು ಕಿತ್ತಳೆ ಹಾಕಿದ್ದಾರಂತೆ. ಬೆಟ್ಟವೂ ಮೊದಲಿನಷ್ಟು ತಂಪಾಗಿಲ್ಲವಂತೆ. ತಾನು ಮಾತ್ರ ಕೈಲಾಗುವವರೆಗೆ ಸೇಬನ್ನೇ ಹಾಕುವವಳು ಎಂದಳು. ಗುಂಡಿ ತೋಡಿ ಸಿದ್ಧವಾಗಿತ್ತು. ಸಸಿಯನ್ನು ಎತ್ತಿ ಜಯಮ್ಮನ ಕೈಯಲ್ಲಿಟ್ಟಳು. ನಿನ್ನ ನೆನಪಿಗೆ ನೀನೇ ನೆಡು ಎಂದು.

ಜಯಮ್ಮ ಹಿಂದೆ ಸರಿದಳು. ಊರಲ್ಲಿ ಸರಿಯುವಂತೆಯೇ.

"ನನ್ ಕೈಲಿ ಬ್ಯಾಡ ಅಂತ ಹೇಳ್ರಿ."

"ಜಯಾ..."

"ನಂಗೆ ಮಕ್ಕಳಿಲ್ಲ ಅಂತ ಹೇಳ್ರಿ. ಗೊತ್ತಿಲ್ದೆ ಕೊಡ್ತಾವ್ರೆ ಪಾಪ. ಮುಚ್ಚಿಡಬಾರದು."

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ರತ್ನಳಿಗೆ ಹೇಳಿದೆ. ರತ್ನ ಬು ಸುಮಿಗೆ ಹೇಳಿದಳು. ಬು ಸುಮಿ ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಕೇಳಿಸಿಕೊಂಡಳು. ಅರ್ಥವಾಗಲಿಲ್ಲ ಎಂದು ತಲೆಯಾಡಿಸಿ ಒಂದು ಪ್ರಶ್ನೆ ಕೇಳಿದಳು. ಅದು ರತ್ನಳನ್ನು ದಾಟಿ ನನ್ನ ಬಳಿ ಬಂತು. ಅಣಕವಲ್ಲ, ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ.

"ಏನಂತೆ?" ಎಂದಳು ಜಯಮ್ಮ.

ನಾನು ಹೇಳಿದೆ: "ನೆಟ್ಟೋರಿಗೆ ಮಕ್ಕಳಿದಾವೋ ಇಲ್ವೋ ಅಂತ ಮಣ್ಣಿಗೆ ಹೆಂಗ್ ಗೊತ್ತಾಗುತ್ತೆ, ನಿಮ್ಮೂರಲ್ಲಿ ಅದಕ್ಕೆ ಯಾರ್ ಹೇಳ್ತಾರೆ ಅಂತ ಕೇಳ್ತಾವ್ರೆ."

ಈ ಮಾತನ್ನು ಕನ್ನಡದಲ್ಲಿ ಆಡುತ್ತಿರುವಾಗಲೇ ನನಗೆ ಹೊಳೆಯಿತು. ಇಷ್ಟು ವರ್ಷ ನಮ್ಮ ಬೀದಿಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೊಸ್ತಿಲ ಮೇಲೆ ಕೂರಬಾರದೆನ್ನುವ ಬು ಸುಮಿಗೆ ನಂಬಿಕೆಗಳು ಕಡಿಮೆಯೇನಲ್ಲ. ಆದರೆ ನಮ್ಮ ಈ ನಂಬಿಕೆ ಮಾತ್ರ ಎರಡು ಭಾಷೆ ದಾಟುವಷ್ಟರಲ್ಲಿ ಉಸಿರು ಕಳೆದುಕೊಂಡಿತ್ತು.

ಜಯಮ್ಮ ಗುಂಡಿಯನ್ನು ನೋಡಿದಳು. ಮಣ್ಣನ್ನು ನೋಡಿದಳು. ತನ್ನೊಳಗೇ ಎಂಬಂತೆ, "ಹೌದಲ್ವಾ ರೀ, ಯಾರ್ ಹೇಳ್ತಾರೆ ಅದುಕ್ಕೆ?" ಎಂದಳು. ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ ಕೂತಳು. ಸಸಿಯನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಮಣ್ಣು ತಳ್ಳಿ, ಅಂಗೈಯಿಂದ ಮೆಲ್ಲಗೆ ತಟ್ಟಿದಳು, ಮಗುವನ್ನು ಮಲಗಿಸುವಾಗ ಬೆನ್ನು ತಟ್ಟುವ ಹಾಗೆ. ನನಗೆ ಅಳು ಬಂತು. ಬರಲಿ ಎಂದು ಬಿಟ್ಟೆ. ಅಲ್ಲಿ ನನ್ನ ಗುರುತಿನವರು ಯಾರಿದ್ದರು?

ಜಡಿಗೇನಹಳ್ಳಿ

ಊರಿಗೆ ಬಂದ ವಾರದಲ್ಲೇ ಜಯಮ್ಮ ನಾಲ್ಕೂ ಮರಗಳ ಎಲೆ ಕಿತ್ತಳು. ಎಲೆಗಳನ್ನು ಒಂದೊಂದಾಗಿ, ಮೇಲ್ಮುಖವಾಗಿ. ನನಗೆ ಏಣಿ ಹಿಡಿಯುವ ಕೆಲಸ ಮಾತ್ರ. ಕೊಂಬೆಗಳಿಗೆ ಹಗ್ಗ ಕಟ್ಟಿ, ಕಲ್ಲು ತೂಗಿಬಿಟ್ಟು ಬಗ್ಗಿಸಿದೆವು. ಹಸಿರು ಮರವನ್ನು ಬೋಳಿಸಿದ್ದು ನೋಡಿ ದಾರಿಹೋಕರು ನಿಂತು ವಿಚಾರಿಸಿದರು. ರಾಜಣ್ಣ ಬೇಲಿಯಾಚೆಯಿಂದ ಇಣುಕಿ, "ಏನಣ್ಣೋ, ಮರಕ್ಕೆ ಮುಡಿ ಕೊಡಿಸ್ಬಿಟ್ಟೆ? ತಿರುಪ್ತಿ ಹರಕೆನಾ?" ಎಂದ.

"ಹೂಂ ಕಣೋ, ಮುಂದಿನ ಸರದಿ ನಿಂದೇ" ಎಂದೆ.

ಆಮೇಲಿನ ದಿನಗಳಲ್ಲಿ ನಾನು ಹಿತ್ತಲಿಗೆ ಹೋಗಲು ಹೆದರುತ್ತಿದ್ದೆ. ಜಯಮ್ಮ ಹೆದರಲಿಲ್ಲ. ಬೆಳಗಿನ ಕಾಫಿ ಲೋಟ ಹಿಡಿದು ಮರದಿಂದ ಮರಕ್ಕೆ ಹೋಗುತ್ತಿದ್ದಳು, ವಾರ್ಡಿನ ನರ್ಸಮ್ಮನ ಹಾಗೆ. ಒಂದು ದಿನ ಅವಳು ಕರೆದ ಕೂಗಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಕೊಂಬೆಯ ಮೇಲೆ ನಸುಗೆಂಪು ಮೊಗ್ಗುಗಳು, ನಡುವೆ ಒಂದು ಅರಳಿದ ಬಿಳಿ ಹೂವು. ಅವಳು ಮುಟ್ಟಲಿಲ್ಲ, ಮುಖ ಹತ್ತಿರ ತಂದು ನೋಡುತ್ತಿದ್ದಳು. ರಾಜಣ್ಣನೂ ಬಂದು ನೋಡಿದ, ತಮಾಷೆ ಮಾಡದೆ ನಿಂತ. "ನಿನ್ ಕೈಗುಣ ಬಿಡು ಅತ್ತಿಗೆ" ಎಂದ. "ಕೈಗುಣ ಅಲ್ಲ ಕಣಪ್ಪ, ಅದುಕ್ಕೆ ನಿದ್ದೆ ಬೇಕಾಗಿತ್ತು ಅಷ್ಟೆ" ಎಂದಳು ಜಯಮ್ಮ.

ಮೂರು ಮರಗಳು ಕಾಯಿ ಹಿಡಿದವು. ಸಣ್ಣ ಕಾಯಿಗಳು, ಸ್ವಲ್ಪ ಹುಳಿ. ಕಾಶ್ಮೀರದ ವ್ಯಾಪಾರಿಗಳಿಗೆ ನಮ್ಮಿಂದ ಯಾವ ಅಪಾಯವೂ ಇಲ್ಲ. ಮೊದಲನೆಯದನ್ನು ದೇವರ ಮುಂದಿಟ್ಟು, ಫೋಟೋ ತೆಗೆದು ರತ್ನಳಿಗೆ ಕಳಿಸಿದೆವು. ಬಾತುವಿನಲ್ಲಿ ಜಯಮ್ಮ ನೆಟ್ಟ ಸಸಿ ಚಿಗುರಿದೆ ಎಂದು ಅವಳೂ ಒಂದು ಫೋಟೋ ಕಳಿಸಿದಳು. ಅದರ ಪಕ್ಕದಲ್ಲಿ ಬು ಸುಮಿ ನಿಂತು ಹೆಬ್ಬೆರಳಿನಲ್ಲಿ ತೋರಿಸುತ್ತಿದ್ದಾಳೆ.

ಮೂಲೆಯ ನಾಲ್ಕನೆಯ ಮರ ಮಾತ್ರ ಹೂ ಬಿಡಲಿಲ್ಲ. ಬರೀ ಎಲೆ ಹೊದ್ದುಕೊಂಡು, ಏನೂ ಆಗಿಲ್ಲವೆಂಬಂತೆ ನಿಂತಿತು. ಕಾಯಿ ಕೊಯ್ದ ದಿನ ನನಗೊಂದು ತುಂಟತನ ಹೊಳೆಯಿತು. ಒಳಗಿನಿಂದ ಮಚ್ಚು ತಂದು ಅದರ ಮುಂದೆ ನಿಂತು, ಕೈಯೆತ್ತಿ, ಬೀದಿಗೆಲ್ಲ ಕೇಳುವಂತೆ ಗದರಿದೆ: "ಕಡಿದು ಹಾಕ್ತೀನಿ ಇದನ್ನ!"

ಜಯಮ್ಮ ಸೇಬಿನ ಮೊರವನ್ನು ಕೆಳಗಿಟ್ಟು ಓಡಿಬಂದಳು. ಎತ್ತಿದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮರದ ಕಡೆಗೆ ತಿರುಗಿ, ಅದಕ್ಕೆ ಕೇಳಿಸಲಿ ಎಂದು ದನಿಯೆತ್ತಿ ಹೇಳಿದಳು:

"ಬ್ಯಾಡ ಬಿಡ್ರಿ, ಬರೋ ವರ್ಷ ಕಾಯ್ತೈತೆ!"